ಹನ್ನೆರಡು ಮಂದಿ ಬೇಕಾಗಿದ್ದಾರೆ

ಬಸವಣ್ಣನವರ ಮಹಾಮನೆಗೆ ದಿನಾಲೂ 1,96,000 ಜಂಗಮರು ಊಟಕ್ಕೆ ಬರುತ್ತಿದ್ದರು ಎಂಬ ಮಾತನ್ನು ಕೇಳುತ್ತಲೇ ನಾವು ಕಲ್ಯಾಣದವರು ಬೆಳೆದೆವು. ಅಷ್ಟು ಮಂದಿಯ ಲೆಕ್ಕ ಇಟ್ಟವರು ಯಾರು, ಅಷ್ಟು ರೊಟ್ಟಿ ಬಡಿದವರು ಯಾರು ಎಂದು ಕೇಳಿದ ಹುಡುಗರನ್ನು ಮಾಸ್ತರನಾಗಿದ್ದ ನಾನೇ "ಸುಮ್ಕ ಕೂಡ್ರೋ" ಎಂದು ಗದರಿಸಿದ್ದುಂಟು. ಅಂಥ ಊರಿನಲ್ಲಿ ನನ್ನ ಅಕ್ಕನ ಮಗನಿಗೆ ಹನ್ನೆರಡು ಮಂದಿ ಬೇಕಾಗಿದ್ದರು. ಉಣ್ಣಲಿಕ್ಕಲ್ಲ. ಅವನು ಮಾಡಿದ ಒಂದು ಆ್ಯಪನ್ನು ತಮ್ಮ ತಮ್ಮ ಮೊಬೈಲಿಗೆ ಹಾಕಿಕೊಂಡು ಹದಿನಾಲ್ಕು ದಿನ ನೋಡಿ, ಅದರಲ್ಲೇನು ತಪ್ಪಿದೆ ಎಂದು ಹೇಳಲಿಕ್ಕೆ. ಉಣ್ಣಲಿಕ್ಕೆ ಎಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ್ಯಪ್ ಏನೂ ದೊಡ್ಡದಲ್ಲ. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಓಡಾಡುವ ಬಸ್ಸುಗಳು, ದಾರಿಯ ಸಸ್ತಾಪುರ ಬಂಗ್ಲಾ, ರಾಜೇಶ್ವರ, ಆಚೆ ಈಚೆಯ ಹಳ್ಳಿಗಳು, ಯಾವ ಗಾಡಿ ಎಷ್ಟಕ್ಕೆ, ಟಿಕೆಟ್ ಎಷ್ಟು, ಇಷ್ಟೇ. ಗಂಟೆಯೊಳಗಿನ ದಾರಿ. "ಇಷ್ಟಕ್ಕ ಆ್ಯಪ್ ಯಾಕಲೇ? ಸ್ಟ್ಯಾಂಡಿಗಿ ಹೋಗಿ ನಿಂತ್ರ ಗಾಡಿ ಬರ್ತದ" ಎಂದೆ. "ಬರ್ತದ ಮಾಮಾ. ಎಷ್ಟೊತ್ತು ನಿಂತ್ರ ಬರ್ತದ ಅಂಬೋದೇ ಪ್ರಶ್ನಾ" ಎಂದ.

ಆ ಪ್ರಶ್ನೆಯ ಬೇರು ನನಗೆ ಗೊತ್ತಿತ್ತು. ಅಕ್ಕನನ್ನು ಕೊಟ್ಟದ್ದು ಹುಮನಾಬಾದಿಗೆ. ಹುಡುಗ ಸೂಟಿ ಬಿಟ್ಟ ಮರುದಿನವೇ ನಮ್ಮಲ್ಲಿಗೆ ಓಡಿ ಬರುವವನು. ಅಕ್ಕ ಅವನನ್ನು ಅಲ್ಲಿ ಕಂಡಕ್ಟರರ ಕೈಗೆ ಒಪ್ಪಿಸಿ ಕೂಡಿಸುತ್ತಿದ್ದಳು, ನಾನು ಇಲ್ಲಿ ಇಳಿಸಿಕೊಳ್ಳುತ್ತಿದ್ದೆ. ಇಬ್ಬರ ಬಳಿಯೂ ಆಗ ಫೋನಿಲ್ಲ. ಯಾವ ಗಾಡಿಗೆ ಹತ್ತಿಸಿದಳೋ ತಿಳಿಯದೆ, ಬಂದ ಬಂದ ಬಸ್ಸಿನ ಕಿಟಕಿಗಳನ್ನೆಲ್ಲ ಇಣುಕುತ್ತ ಸ್ಟ್ಯಾಂಡಿನ ಧೂಳಿನಲ್ಲಿ ನಿಲ್ಲುತ್ತಿದ್ದೆ. ಕೊನೆಗೊಂದು ಕಿಟಕಿಯಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆ ಕಾಣುತ್ತಿತ್ತು. ಇಳಿದವನೇ "ಭಾಳ ಹೊತ್ತಾತೇನ್ ಮಾಮಾ?" ಎಂದು ದೊಡ್ಡವರಂತೆ ಕೇಳುತ್ತಿದ್ದ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ, ಕೆಲಸ ಸಿಗದೆ ಮನೆಯಲ್ಲಿ ಕೂತಾಗ ಅದೇ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಿದ್ದ ಎಂದು ಕಾಣುತ್ತದೆ.

ಇನ್ನು ಈ ಹನ್ನೆರಡರ ಕಥೆ. ಗೂಗಲ್‌ನ ಪ್ಲೇ ಸ್ಟೋರಿನಲ್ಲಿ ಆ್ಯಪ್ ಇಡಬೇಕಾದರೆ ಒಮ್ಮೆ 25 ಡಾಲರ್ ಕಟ್ಟಿ ಖಾತೆ ತೆರೆಯಬೇಕು. ಮುಂಚೆ ಅಷ್ಟಾದರೆ ದಾರಿ ಬಹುಮಟ್ಟಿಗೆ ಸಲೀಸು. ಆದರೆ 2023ರ ನವೆಂಬರ್ 13ರ ಈಚೆಗೆ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರು ಮೊದಲು 20 ಮಂದಿ ಪರೀಕ್ಷಕರನ್ನು ಹೊಂದಿಸಿ ಸತತ 14 ದಿನ ಪರೀಕ್ಷೆ ನಡೆಸಬೇಕೆಂದು ನಿಯಮವಾಯಿತು. 2024ರ ಡಿಸೆಂಬರಿನಲ್ಲಿ ಇಪ್ಪತ್ತನ್ನು ಹನ್ನೆರಡಕ್ಕೆ ಇಳಿಸಿದರು. ಕಂಪನಿಯ ಹೆಸರಿನ ಖಾತೆಗಳಿಗೆ ಈ ಕಟ್ಟಲೆ ಇಲ್ಲ. ಒಬ್ಬನೇ ಕೂತು ಮಾಡಿದವನಿಗೆ ಮಾತ್ರ, ನಿನ್ನ ಹಿಂದೆ ಹನ್ನೆರಡು ಮಂದಿ ಇದ್ದಾರೆಯೇ ತೋರಿಸು ಎಂಬ ಕೇಳಿಕೆ. ವಿಚಾರ ತಪ್ಪಲ್ಲ. ಅರೆಬೆಂದದ್ದು, ಮೋಸದ್ದು ಅಂಗಡಿಗೆ ಬರಬಾರದಲ್ಲ! ಆದರೂ ಒಂದು ಮಾತು ನೆನಪಾಗದೆ ಇರಲಿಲ್ಲ. ಇದೇ ಗೂಗಲ್ಲಿನ ಜಿಮೇಲ್ 2004ರ ಏಪ್ರಿಲ್ 1ಕ್ಕೆ ಹೊರಬಂದಾಗ ಹೆಸರಿನ ಪಕ್ಕದಲ್ಲಿ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಎಂದು ಬರೆದುಕೊಂಡಿತ್ತು. ಆ ಪಟ್ಟಿ ತೆಗೆದದ್ದು 2009ರ ಜುಲೈಯಲ್ಲಿ. ಐದು ವರ್ಷ ಇಡೀ ಜಗತ್ತೇ ಪರೀಕ್ಷಕ. ನಮ್ಮ ಹುಡುಗನ ಕಾಲಕ್ಕೆ ಹದಿನಾಲ್ಕೇ ದಿನ, ಹನ್ನೆರಡೇ ಮಂದಿ. ಪುಣ್ಯವಂತ ಎಂದೇ ಅಂದುಕೊಂಡೆ.

"ಹುಮನಾಬಾದಿನ ಆರು ಮಂದಿ ನನ್ನ ಪಾಲು, ಕಲ್ಯಾಣದ ಆರು ಮಂದಿ ನಿಮ್ಮ ಪಾಲು. ನಿಮ್ಮ ಕೈಯಾಗ ಕಲ್ತೋರು ಓಣಿಗಿ ಹತ್ತು ಮಂದಿ ಅದಾರಲ್ಲ ಮಾಮಾ" ಎಂದು ಹುಡುಗ ನನ್ನನ್ನು ಉಬ್ಬಿಸಿ ಹೋದ. ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಪರೀಕ್ಷೆ ಕೊಟ್ಟ ನಾನು, ಪರೀಕ್ಷಕರು ಬೇಕೆಂದು ಅದೇ ಮಕ್ಕಳ ಹೊಸ್ತಿಲು ಹತ್ತಿದೆ.

ಮೊದಲ ಹೊಸ್ತಿಲು ಕಿರಾಣಿ ಅಂಗಡಿಯದು. ನನ್ನ ಶಿಷ್ಯ ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತು ಚಾ ತರಿಸಿದ. ಬೇಡ ಎನ್ನುವ ಮುಂಚೆ ಒಂದು ಪ್ಲೇಟ್ ಮಿರ್ಚಿ ಭಜಿಯೂ ಬಂತು. "ನಿಂದೊಂದು ಇಮೇಲ್ ಬೇಕಾಗ್ಯದ" ಎಂದೆ. "ಅದೆಲ್ಲ ಯಾಕ್ ಸರ, ನಂಬರ್ ಬರ್ಕೋರಿ" ಎಂದ. ನಂಬರಿನಿಂದ ಆಗುವುದಿಲ್ಲ, ಇಮೇಲ್ ವಿಳಾಸವೇ ಬೇಕು ಎಂದಾಗ ಅವನ ಮುಖ ಬೋರ್ಡಿನ ಮುಂದೆ ನಿಲ್ಲಿಸಿದಾಗಿನಂತೆಯೇ ಆಯಿತು. ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಏನೋ ಒತ್ತಿ ಕೊಟ್ಟಿದ್ದನಂತೆ. ಇಬ್ಬರೂ ಕೂಡಿ ಸೆಟ್ಟಿಂಗಿನೊಳಗೆ ಇಳಿದು ಹುಡುಕಿದೆವು. ಸಿಕ್ಕ ವಿಳಾಸದಲ್ಲಿ ಆ ಅಂಗಡಿ ಹುಡುಗನ ಮೆಚ್ಚಿನ ಸಿನಿಮಾ ನಟನ ಹೆಸರು, ಅದರ ಬಾಲಕ್ಕೆ ನಾಲ್ಕು ಅಂಕಿ. ಐವತ್ತರ ಹತ್ತಿರದ, ಮೊಮ್ಮಗಳನ್ನು ಎತ್ತಿಕೊಂಡಿದ್ದ ಈ ಗೃಹಸ್ಥ ಗೂಗಲ್ಲಿನ ಲೆಕ್ಕದಲ್ಲಿ ಇಷ್ಟು ದಿನ ತೆಲುಗು ಸಿನಿಮಾದ ಹೀರೋ ಆಗಿದ್ದ. ಅವನಿಗೂ ಖುಷಿಯಾಯಿತು.

ಇನ್ನೊಂದು ಮನೆಯಲ್ಲಿ ಅಪ್ಪನಿಗೊಂದು, ಮಕ್ಕಳಿಬ್ಬರಿಗೊಂದೊಂದು, ಹೀಗೆ ಮೂರು ಫೋನು ನೋಡಿ ಒಂದೇ ಕಡೆ ಮೂರು ಮಂದಿ ಸಿಕ್ಕರೆಂದು ಹಿಗ್ಗಿದೆ. ತೆಗೆದು ನೋಡಿದರೆ ಮೂರರಲ್ಲೂ ಒಂದೇ ಇಮೇಲ್. ಗೂಗಲ್ ಎಣಿಸುವುದು ಫೋನನ್ನಲ್ಲ, ಖಾತೆಯನ್ನು. ಅದರ ಕಣ್ಣಿಗೆ ಆ ಮನೆಯಲ್ಲಿ ಒಬ್ಬನೇ ಮನುಷ್ಯ. ಅವಿಭಕ್ತ ಕುಟುಂಬದ ಆಸ್ತಿ ಹೇಗೆ ಪಾಲಾಗಬೇಕೆಂದು ಮಿತಾಕ್ಷರದಲ್ಲಿ ಬಿಡಿಸಿ ಹೇಳಿದ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಅವನಿದ್ದಿದ್ದರೆ ಒಂದು ಜಿಮೇಲನ್ನು ತಂದೆಗೂ ಇಬ್ಬರು ಮಕ್ಕಳಿಗೂ ಹಂಚುವ ಬಗೆ ಹೇಳುತ್ತಿದ್ದನೇನೋ. ನಾನು ಸಣ್ಣ ಮಗನಿಗೆ ಹೊಸ ಖಾತೆ ತೆರೆಸಿದೆ. ಬೇರೆ ಆಗುವುದು ಬೇಡ ಎಂದು ಅವನ ತಾಯಿ ಬಾಗಿಲಲ್ಲಿ ನಿಂತು ನೋಡಿದಳು.

ಇದಕ್ಕಿಂತ ಕಠಿಣ ಭಯದ್ದು. ಪರೀಕ್ಷಕನಾಗಬೇಕಾದರೆ ನಾವು ಕಳಿಸಿದ ಲಿಂಕ್ ಒತ್ತಬೇಕು. ಹಳೆಯ ಸಹೋದ್ಯೋಗಿ ಒಬ್ಬರಿಗೆ ಫೋನು ಹಚ್ಚಿದೆ. ಗಂಟೆ ಬಾರಿಸುವ ಮುಂಚೆಯೇ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಮೋಸ ಹೋದರೆ 1930ಕ್ಕೆ ಕರೆ ಮಾಡಿ ಎಂದು ಸರಕಾರದ ಎಚ್ಚರಿಕೆ ಕಿವಿಗೆ ಬಿತ್ತು. ಅದನ್ನು ಪೂರಾ ಕೇಳಿ ಮುಗಿಸಿ, ಆಮೇಲೆ "ಒಂದು ಲಿಂಕ್ ಕಳಿಸೀನಿ, ಒತ್ರಿ" ಎನ್ನುವುದಕ್ಕೆ ಧೈರ್ಯ ಬೇಕು. ಅವರು ಒತ್ತಲಿಲ್ಲ. ಸಂಜೆ ಮನೆಗೇ ಬಂದು, ನಿಜವಾಗಿ ನಾನೇ ಕಳಿಸಿದ್ದೋ, ನನ್ನ ಹೆಸರಿನಲ್ಲಿ ಬೇರೆ ಯಾರಾದರೂ ಕಳಿಸಿದ್ದೋ ಎಂದು ನನ್ನ ಮುಖ ನೋಡಿ ಖಾತ್ರಿ ಮಾಡಿಕೊಂಡು, ನನ್ನ ಎದುರಿಗೇ ಒತ್ತಿದರು. ಒತ್ತಿದ ಮೇಲೆ ಬ್ಯಾಂಕಿನ ಬಾಕಿಯನ್ನೂ ಒಮ್ಮೆ ನೋಡಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಹಣ ಕೊಟ್ಟರೆ ಹನ್ನೆರಡು ಮಂದಿಯನ್ನು ಒದಗಿಸುವವರೂ ಅಂತರ್ಜಾಲದಲ್ಲಿದ್ದಾರಂತೆ. ನಿನ್ನದನ್ನು ನಾನು ಪರೀಕ್ಷಿಸುತ್ತೇನೆ, ನನ್ನದನ್ನು ನೀನು ಪರೀಕ್ಷಿಸು ಎಂಬ ಮುಯ್ಯಿಯ ಗುಂಪುಗಳೂ ಇವೆಯಂತೆ. ಸಭೆಗೆ ಲಾರಿಯಲ್ಲಿ ಜನ ತುಂಬಿ ತರುವುದನ್ನು ಕಂಡ ನಮಗೆ ಇದು ಹೊಸದಲ್ಲ. ಹುಡುಗ ಒಪ್ಪಲಿಲ್ಲ. "ರಾಜೇಶ್ವರ ಎಲ್ಲದ ಅಂತ ಗೊತ್ತಿಲ್ದವ್ರು ನನ್ನ ಆ್ಯಪ್ ನೋಡಿ ಏನ್ ಹೇಳ್ತಾರ ಮಾಮಾ?" ಎಂದ.

ಹುಮನಾಬಾದಿನ ಕಡೆ ಅವನ ಪಾಡೂ ಬೇರೆಯಿರಲಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ದಾರಿ ಬಂದು ಕೂಡುವ ಊರು ಅದು. ಅಲ್ಲಿ ಕಂಡವರೆಲ್ಲ ಎಲ್ಲಿಗೋ ಹೊರಟವರು. ಮೊದಲ ಹೆಸರು ಅವನ ಅವ್ವನದು, ಅಂದರೆ ನನ್ನ ಅಕ್ಕನದು. ಆಮೇಲೆ ಔಷಧಿ ಅಂಗಡಿಯವರು, ಒಬ್ಬ ಆಟೋದವನು, ವೀರಭದ್ರೇಶ್ವರ ಗುಡಿಯ ಹತ್ತಿರ ಹೂ ಮಾರುವ ಬಾಯಿ, ಮಾಣಿಕನಗರದ ಕಡೆಯ ಒಬ್ಬ ತಬಲಾ ಮಾಸ್ತರರು. ಆಟೋದವನಿಗೆ ಉರ್ದು ಬೇಕು, ತಬಲಾದವರಿಗೆ ಮರಾಠಿ ಬೇಕು. ನಮ್ಮ ಕಡೆ ಜಗಳ ಕನ್ನಡದಲ್ಲಿ ಶುರುವಾಗಿ, ದಖ್ಖನಿಯಲ್ಲಿ ಏರಿ, ಮರಾಠಿಯಲ್ಲಿ ಇಳಿಯುತ್ತದೆ; ಬಸ್ಸಿನ ವೇಳೆ ಮಾತ್ರ ಒಂದೇ ಭಾಷೆಯಲ್ಲಿ ಇರಲೆಂದರೆ ಹೇಗೆ? ಔಷಧಿ ಅಂಗಡಿಯವರು "ರೈಲು ಯಾಕ ಹಾಕಿಲ್ಲ?" ಎಂದರು. ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗಿನಿಂದ ಹುಮನಾಬಾದಿನವರಿಗೆ ಈ ಸಣ್ಣ ಹಮ್ಮು ಇದೆ. ಕಲ್ಯಾಣಕ್ಕೆ ರೈಲಿಲ್ಲ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದೇ ಕೇಳುತ್ತಾರೆ.

ಅಂತೂ ಹನ್ನೆರಡು ತುಂಬಿತು. ಪರೀಕ್ಷೆ ಶುರುವಾಯಿತು. ಹುಡುಗ ತಪ್ಪುಗಳಿಗಾಗಿ ಕಾದು ಕುಳಿತ.

ತಪ್ಪು ಒಂದೂ ಬರಲಿಲ್ಲ. "ಭಾರಿ ಅದ." "ಏಕ್ ನಂಬರ್." ಒಬ್ಬರಿಂದ ದಿನಾ ಮುಂಜಾನೆ ಗುಲಾಬಿ ಹೂವಿನ ಶುಭೋದಯ. ಹುಡುಗ ಗೋಗರೆದ: ತಪ್ಪು ಹೇಳ್ರಿ, ತಪ್ಪು ಹೇಳಿದ್ರೇ ನನಗ ಉಪಕಾರ. "ತಪ್ಪೇನದಪ್ಪಾ, ನಮ್ಮ ಹುಡುಗ ಮಾಡ್ಯಾನ" ಎಂಬ ಉತ್ತರ. ಬೀಗರ ಮನೆಯ ಪಂಕ್ತಿಯಲ್ಲಿ ಕುಳಿತು ಉಪ್ಪು ಕಡಿಮೆಯಾಗಿದೆ ಎಂದವರನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಹಾಗೆಂದು ತಪ್ಪು ಹುಡುಕುವ ಕಣ್ಣು ನಮಗಿಲ್ಲವೆಂದಲ್ಲ. ಆ್ಯಪಿನಲ್ಲಿ ಕಾಣದ ದೋಷಗಳೆಲ್ಲ ಅದನ್ನು ಮಾಡಿದವನಲ್ಲಿ ಕಂಡವು. ಬಡಕಲಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ, ಸರಕಾರಿ ನೌಕರಿಗೆ ಅರ್ಜಿ ಹಾಕಿಲ್ಲ. ಅಭಿಪ್ರಾಯ ಬರೆಯಿರಿ ಎಂದು ಬಿಟ್ಟ ಜಾಗದಲ್ಲಿ ಒಬ್ಬರು ಬೀದರಿನ ಕಡೆಯ ಒಂದು ಸಂಬಂಧದ ವಿವರವನ್ನೇ ಬರೆದಿದ್ದರು, ಹೊಲ ಎಷ್ಟೆಕರೆ ಎಂಬುದರ ಸಮೇತ.

ಯೋಚಿಸಿದರೆ ಇದು ಇಂದಿನ ಗುಣವಲ್ಲ. ಹುಮನಾಬಾದ್ ತಾಲೂಕಿನ ಜಲಸಂಗಿಯ ಗುಡಿಯ ಗೋಡೆಯ ಮೇಲೆ ಬೆನ್ನು ತಿರುಗಿಸಿ ನಿಂತು ಏನನ್ನೋ ಬರೆಯುತ್ತಿರುವ ಶಿಲಾಬಾಲಿಕೆ ಒಬ್ಬಳಿದ್ದಾಳೆ. ಹೋಗಿ ಓದಿದರೆ ಅವಳು ಬರೆದದ್ದೂ ವಿಕ್ರಮಾದಿತ್ಯನ ಹೊಗಳಿಕೆಯೇ. ಒಂಬೈನೂರು ವರ್ಷದ ಹಿಂದೆಯೇ ನಮ್ಮ ಕಡೆಯ ಅಭಿಪ್ರಾಯ ಭಾರಿ ಅದ ಎಂಬುದಾಗಿತ್ತು. ಆದರೆ ಅದರ ಬೆನ್ನಿಗೇ ಇದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯವರೂ ಇದ್ದರಲ್ಲ! ಅಷ್ಟು ದೂರ ನಡೆದು ಬಂದ ಅಕ್ಕಮಹಾದೇವಿಯನ್ನು ಕಿನ್ನರಿ ಬೊಮ್ಮಯ್ಯ ಪರೀಕ್ಷಿಸಿದ, ಆಮೇಲೆ ಅಲ್ಲಮ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಿ ಯಾರೂ ನಮ್ಮ ಹುಡುಗಿ ಬಂದಾಳ, ಭಾರಿ ಅದ ಎನ್ನಲಿಲ್ಲ. ಆ ಕಟ್ಟುನಿಟ್ಟು ಯಾವಾಗ ಊರು ಬಿಟ್ಟು ಹೋಯಿತೋ. ಹೋದದ್ದು ಒಳ್ಳೆಯದೇ ಆಯಿತೋ ಏನೋ; ಅಲ್ಲಮನಂಥವರು ಹನ್ನೆರಡು ಮಂದಿ ಸಿಕ್ಕಿದ್ದರೆ ನಮ್ಮ ಹುಡುಗ ಆ್ಯಪ್ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಿದ್ದ.

ಮೊದಲ ನಿಜವಾದ ತಪ್ಪನ್ನು ಹಿಡಿದವಳು ಹೂ ಮಾರುವ ಬಾಯಿ. "ಇದೇನ್ ಗಂಡಸರಿಗಷ್ಟೇ ಮಾಡಿದ್ದೇನ್ ತಮ್ಮಾ? ನನಗೂ ಟಿಕೀಟಿನ ರೊಕ್ಕಾ ತೋರಿಸ್ಲತ್ತದ!" ಶಕ್ತಿ ಯೋಜನೆ ಬಂದು, ಅಂದರೆ 2023ರ ಜೂನ್ 11ರಿಂದ, ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಹುಡುಗ ಎಲ್ಲರಿಗೂ ಒಂದೇ ದರ ಬರೆದಿಟ್ಟಿದ್ದ. ಆ ದಿನ ಅವನ ಸಂತೋಷ ನೋಡಬೇಕಿತ್ತು. ತಪ್ಪು ಸಿಕ್ಕಿತೆಂದು ಒಂದು ಮೊಳ ಹೂವಿಗೆ ಎರಡು ಮೊಳದ ದುಡ್ಡು ಕೊಟ್ಟು ಬಂದಿದ್ದನಂತೆ.

ಅತ್ಯಂತ ವಿಧೇಯ ಪರೀಕ್ಷಕ ನನ್ನ ಕಿರಾಣಿ ಶಿಷ್ಯ. ದಿನಕ್ಕೊಮ್ಮೆ ತಪ್ಪದೆ ತೆಗಿ ಎಂದು ನಾನು ಹೇಳಿದ್ದೆ. ಅವನು ಆ್ಯಪ್ ತೆಗೆಯುವ ಬದಲು ದಿನಾ ನಾನು ಕಳಿಸಿದ ಲಿಂಕನ್ನೇ ಒತ್ತಿದ. ಮೊದಲ ಸಲ ಒತ್ತಿದಾಗ ಆ ಪುಟದಲ್ಲಿ ಪರೀಕ್ಷಕನಾಗು ಎಂಬ ಗುಂಡಿ ಇರುತ್ತದೆ. ಆದ ಮೇಲೆ ಅದೇ ಪುಟದಲ್ಲಿ ಬಿಟ್ಟು ಹೋಗು ಎಂಬ ಗುಂಡಿ ಬರುತ್ತದೆ. ಸರ್ ಹೇಳಿದ್ದಾರೆಂದು ಅದನ್ನೂ ಒತ್ತಿದ. ಮರುದಿನ ಮತ್ತೆ ಸೇರಿದ, ಮೂರನೆಯ ದಿನ ಮತ್ತೆ ಬಿಟ್ಟ. ಸತತ ಹದಿನಾಲ್ಕು ದಿನ ಒಳಗೇ ಇರಬೇಕೆಂಬ ನಿಯಮಕ್ಕೆ ಅವನಷ್ಟು ಶ್ರದ್ಧೆಯಿಂದ ಭಂಗ ತಂದವರು ಇನ್ನೊಬ್ಬರಿಲ್ಲ. ಅವನ ದಿನಗಳು ಮತ್ತೆ ಮೊದಲಿನಿಂದ ಶುರುವಾದವು.

ನಡುವೆ ಎಳ್ಳಮಾವಾಸ್ಯೆ ಬಂತು. ನಮ್ಮ ಜಿಲ್ಲೆಯಲ್ಲಿ ಆ ದಿನ ಊರಿನಲ್ಲಿ ಉಳಿದವರು ದೇವರುಗಳು ಮಾತ್ರ. ಮಂದಿಯೆಲ್ಲ ಹೊಲದಲ್ಲಿ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ತೊಗರಿ ಸಾಲಿನ ನಡುವೆ ಹಾಸಿದ ಕಂಬಳಿ. ಯಾವ ಪರೀಕ್ಷಕನೂ ಆ್ಯಪ್ ತೆಗೆಯಲಿಲ್ಲ. ಹುಡುಗನೂ ತೆಗೆಯಲಿಲ್ಲ, ನಮ್ಮ ಹೊಲದ ಬದುವಿನಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ್ದ. ಅಂಥ ನಿದ್ದೆ ಅವನ ಮುಖದಲ್ಲಿ ನಾನು ಕಂಡು ಬಹಳ ದಿನವಾಗಿತ್ತು.

ಹನ್ನೆರಡನೆಯವರ ಮಾತು ಉಳಿಯಿತು. ನಿವೃತ್ತ ಕಂಡಕ್ಟರ್, ನಮ್ಮ ಓಣಿಯ ಹಿರಿಯರು, ಎಲ್ಲರಿಗೂ ಕಾಕಾ. ಎಳೆಯ ಹುಡುಗನನ್ನು ಅಕ್ಕ ಒಪ್ಪಿಸುತ್ತಿದ್ದದ್ದು ಹೆಚ್ಚಾಗಿ ಇವರ ಕೈಗೇ. ಇವರು ಪರದೆ ಸರಿಸುವ ಮುಂಚೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಾರೆ. ಟಿಕೆಟ್ ಕಟ್ಟಿನಿಂದ ಒಂದೊಂದನ್ನೇ ಎಬ್ಬಿಸಿ ಹರಿದ ಬೆರಳು. ಮಷೀನು ಬಂದರೂ ಅಭ್ಯಾಸ ಹೋಗಲಿಲ್ಲ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ. "ಬೆರಳ್ ಹತ್ತಲ್ದು, ಇದೊಂದು ತಪ್ಪು ಬರ್ಕೋ" ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಈ ಗಾಡಿ ರಾಜೇಶ್ವರದಾಗ ಒಳಗ ಹೋಗ್ತದ, ಐದು ಮಿನಿಟ್ ಕೂಡಿಸು. ಸಂತಿ ದಿವಸ ಇದು ಯಾವತ್ತೂ ವೇಳಾಕ್ಕ ಬರಂಗಿಲ್ಲ. ಈ ಊರಿನ ಹೆಸರು ತಪ್ಪು ಬರ್ದಿ. ಹುಡುಗ ಪಕ್ಕದಲ್ಲಿ ಕೂತು ಬರೆದುಕೊಂಡ. ಹನ್ನೊಂದು ಮಂದಿ ಕೂಡಿ ಹೇಳದ ತಪ್ಪುಗಳನ್ನು ಕಾಕಾ ಒಂದು ಸಂಜೆಯಲ್ಲಿ ಹೇಳಿದರು.

ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ವಸ್ತಿ ಗಾಡಿ ಎಲ್ಲದ ಇದ್ರಾಗ?" ಎಂದರು.

ರಾತ್ರಿ ಹಳ್ಳಿಗೆ ಹೋಗಿ, ಅಲ್ಲೇ ಗುಡಿಯ ಮುಂದೆ ತಂಗಿ, ನಸುಕಿನಲ್ಲಿ ಹಾಲಿನ ಕ್ಯಾನು, ಕಾಲೇಜಿನ ಹುಡುಗರು, ಬಸುರಿ ಹೆಂಗಸರು ಎಲ್ಲರನ್ನೂ ಹತ್ತಿಸಿಕೊಂಡು ಬರುತ್ತಿದ್ದ ಬಸ್ಸು. ಕಾಕಾ ಎಷ್ಟೋ ವರ್ಷ ಅದರಲ್ಲೇ ಮಲಗೆದ್ದವರು. ಹಳ್ಳಿಯವರು ಮನೆಗೊಂದು ದಿನದಂತೆ ಡ್ರೈವರ್ ಕಂಡಕ್ಟರರಿಗೆ ರೊಟ್ಟಿ ಕೊಡುತ್ತಿದ್ದರಂತೆ.

"ಕಾಕಾ, ಆ ಗಾಡಿ ಬಂದ್ ಆಗಿ ಎಷ್ಟೋ ವರ್ಷ ಆತಲ್ಲ" ಎಂದ ಹುಡುಗ.

"ಗೊತ್ತದ. ಬಂದ್ ಆಗ್ಯದ ಅಂತೇ ಹಾಕು. ಇತ್ತು ಅಂಬೋದರ ಮಂದಿಗಿ ಗೊತ್ತಾಗ್ಲಿ."

ಓಡದ ಬಸ್ಸನ್ನು ತೋರಿಸುವ ವೇಳಾಪಟ್ಟಿ ಜಗತ್ತಿನಲ್ಲಿ ಎಲ್ಲಿಯಾದರೂ ಇದೆಯೋ ಇಲ್ಲವೋ. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಈಗ ಆ ಆ್ಯಪಿನ ತೀರ ಕೆಳಗೆ, ಬೆರಳು ಬಹಳ ಹೊತ್ತು ಸರಿಸಿದವರಿಗೆ ಮಾತ್ರ ಕಾಣುವಂತೆ, ಬೂದು ಬಣ್ಣದಲ್ಲಿ ಒಂದು ಸಾಲು ಇದೆ: ರಾತ್ರಿ ವಸ್ತಿ ಗಾಡಿ, ಈಗ ಇಲ್ಲ.

ದಿನಗಳು ತುಂಬಿದ ಮೇಲೆ ಗೂಗಲ್ ಒಂದು ಪ್ರಶ್ನೆಪತ್ರಿಕೆ ಕೊಡುತ್ತದೆ. ಪರೀಕ್ಷಕರನ್ನು ಹೇಗೆ ಹುಡುಕಿದಿರಿ, ಸುಲಭವಾಯಿತೇ, ಅವರು ಏನು ಹೇಳಿದರು, ನೀವೇನು ಬದಲಿಸಿದಿರಿ. ನಾನು ಮಹಾಮನೆಯಿಂದ ಆರಂಭಿಸಿ ಹೇಳಿ ಬರೆಸತೊಡಗಿದೆ. ಹುಡುಗ ತಾಳ್ಮೆಯಿಂದ ಕೇಳಿ, ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದ: ನೆಂಟರು, ಮಾಮಾನ ವಿದ್ಯಾರ್ಥಿಗಳು, ಮತ್ತು ಒಬ್ಬ ಕಂಡಕ್ಟರ್. ಒಪ್ಪಿಗೆ ಬಂತು. ಮಾಸ್ತರಿಕೆಯಲ್ಲಿ ನಾನು ಕೊಡದ ಅಂಕಗಳು ಚುಟುಕು ಉತ್ತರಕ್ಕೂ ಸಿಗುತ್ತವೆಂದು ತಿಳಿಯಿತು.

ಅದೇ ಆ್ಯಪನ್ನು ಸಂದರ್ಶನದಲ್ಲಿ ತೋರಿಸಿ ಹುಡುಗ ಪುಣೆಯಲ್ಲಿ ಕೆಲಸ ಹಿಡಿದ. ಹೊರಡುವ ಮುಂಚೆ ಹನ್ನೆರಡೂ ಮಂದಿಗೆ, ಪರೀಕ್ಷೆ ಮುಗಿದಿದೆ, ಉಪಕಾರವಾಯಿತು, ಇನ್ನು ಬೇಕಾದರೆ ತೆಗೆದುಹಾಕಬಹುದು ಎಂದು ತಿಳಿಸಿದ. ಯಾರೂ ತೆಗೆದುಹಾಕಲಿಲ್ಲ, ತೆಗೆದರೆ ಹುಡುಗನಿಗೆ ಬೇಜಾರಾದೀತು ಎಂದು. ಕಾಕಾ ಭಾನುವಾರಕ್ಕೊಮ್ಮೆ ಪುಣೆಗೆ ಫೋನು ಹಚ್ಚಿ ಬದಲಾದ ವೇಳೆಗಳನ್ನು ಬರೆಸುತ್ತಾರೆ. ಅವನು ರಾತ್ರಿ ಕೂತು ತಿದ್ದುತ್ತಾನೆ.

ಮೊನ್ನೆ ಜಾತ್ರೆಗೆಂದು ಹುಮನಾಬಾದಿಗೆ ಹೋಗಿದ್ದೆ. ಅಕ್ಕ ದೀಪ ಹಚ್ಚಿ ಬಂದು, ಕನ್ನಡಕ ಏರಿಸಿ, ಆ್ಯಪ್ ತೆಗೆದು, ಮೇಲಿಂದ ಕೆಳಗಿನ ತನಕ ನೋಡಿ ಮುಚ್ಚಿದಳು. ಅವಳು ಬಸ್ಸು ಹತ್ತಿ ಎಷ್ಟೋ ತಿಂಗಳಾಗಿದೆ, ಮಂಡಿ ನೋವು.

"ಪರೀಕ್ಷಾ ಮುಗಿದದಲ್ಲ, ಇನ್ನೂ ಯಾಕ ತೆಗಿತ್ತಿ?" ಎಂದೆ.

"ದಿನಾ ತೆಗಿ ಅಂತ ಹೇಳ್ಯಾನ. ಬಿಡು ಅಂತ ನನಗೇನ್ ಹೇಳಿಲ್ಲಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಮಗ ಮಾಡಿದ್ದರಲ್ಲಿ ಅಷ್ಟು ದಿನ ಒಂದೂ ತಪ್ಪು ಕಾಣದವಳು, "ಖರೇ ಹೇಳ್ತೀನಿ, ಇದ್ರಾಗ ಒಂದು ತಪ್ಪದ ನೋಡು" ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು. "ಪುಣಾದಿಂದ ಬರೋ ಗಾಡಿ ಎಷ್ಟಕ್ಕದ ಅಂತ ಎಲ್ಲೂ ಹಾಕೇ ಇಲ್ಲ. ಮುಂದಿನ ಸಲ ಫೋನ್ ಮಾಡಿದಾಗ ನೀನೇ ಹೇಳು ಅವಂಗ."